ಆಸ್ಪತ್ರೆಯ ಎರಡನೇ ಬಾಗಿಲು

ದೊಡ್ಡಬೆಳವಂಗಲ
30 ಜೂನ್ 2025, ಸೋಮವಾರ

ಅತ್ತೆಗೆ ನವ್ಯಶ್ರೀಯ ನಮಸ್ಕಾರ.

ಕಾಗದ ಬರೆ ಅಂದಿರಿ, ಬರೆಯುತ್ತಿದ್ದೇನೆ. ಫೋನು ಬಂದರೆ ಮಾವ ಸ್ಪೀಕರ್ ಹಾಕಿ ಜಗುಲಿಯ ಮೇಲೆ ಇಡುತ್ತಾರೆ, ಕುಂದಾಣದ ಅರ್ಧ ಊರು ಕೇಳಿಸಿಕೊಳ್ಳುತ್ತದೆ ಎಂದು ನೀವು ಹೇಳಿದ್ದು ನಿಜ. ಹತ್ತನೇ ಕ್ಲಾಸಿನ ಪರೀಕ್ಷೆಯಾದ ಮೇಲೆ ನಾನು ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಮೊದಲ ಕಾಗದದಲ್ಲಿ ಚೆಂದದ ಮಾತು ಇರಲಿ ಎಂದುಕೊಂಡಿದ್ದೆ. ಆಷಾಢಕ್ಕೆಂದು ತವರಿಗೆ ಬಂದು ಆರೇ ದಿನವಾಗಿದೆ, ನಿಮ್ಮ ಮಗನನ್ನು ನೋಡಿ ಆರು ವರ್ಷವಾದ ಹಾಗಿದೆ, ಅವರ ಒಂದು ಶರ್ಟನ್ನು ಕದ್ದು ತಂದು ದಿಂಬಿಗೆ ತೊಡಿಸಿದ್ದೇನೆ, ಇದನ್ನೆಲ್ಲ ಎರಡು ಹಾಳೆ ಬರೆದೂ ಇದ್ದೆ. ಹರಿದು ಹಾಕಿದೆ. ಈಗ ಬರೆಯುತ್ತಿರುವುದು ಸಿಟ್ಟಿನಲ್ಲಿ.

ನನ್ನ ಸೂಟ್‌ಕೇಸಿನಲ್ಲಿ ಸೀರೆಗಳ ಮಧ್ಯೆ ನೀವು ಇಟ್ಟ ಗಂಟು ಸಿಕ್ಕಿತು. ಪಟಿಕದ ಉಂಡೆ, ಒಣಗಿಸಿದ ಬೇವಿನ ಸೊಪ್ಪು, ಮೇಲೊಂದು ಚೀಟಿ: ‘ಬಿಸಿನೀರಿಗೆ ಹಾಕಿ ತೊಳೆದುಕೋ. ಯಾರಿಗೂ ಹೇಳಬೇಡ.’

ಅಂದರೆ ನಿಮಗೆ ಗೊತ್ತಿತ್ತು. ಯಾರಿಗೂ ಗೊತ್ತಾಗಿಲ್ಲ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ನೆಂಟರು ಬಂದಾಗಲೆಲ್ಲ ರೇಷ್ಮೆ ಸೀರೆ ಉಟ್ಟು, ಕಾಫಿ ತಟ್ಟೆ ಹಿಡಿದು, ಹೊಸ ಸೊಸೆಯ ನಗು ನಗುತ್ತ ನಿಲ್ಲುತ್ತಿದ್ದೆ. ಒಳಗೆ ಮಾತ್ರ ತುರಿಕೆ. ಹಲ್ಲು ಕಚ್ಚಿ ಹತ್ತು ಎಣಿಸಿ, ಬಚ್ಚಲಿಗೆ ಓಡಿ, ತಣ್ಣೀರು ಸುರಿದುಕೊಂಡು ಬಂದು ಮತ್ತೆ ನಗುತ್ತಿದ್ದೆ. ಒಡೆದ ಮೊಸರಿನಂತೆ ಬಿಳಿ ಹೋಗುತ್ತಿತ್ತು. ಅದು ಏನು, ಯಾಕೆ, ಒಂದೂ ತಿಳಿಯದು. ಹನ್ನೆರಡು ವರ್ಷ ಇಂಗ್ಲಿಷ್ ಮೀಡಿಯಂ ಓದಿದೆ, ಎಲೆ ಹೇಗೆ ಆಹಾರ ತಯಾರಿಸುತ್ತದೆ ಎಂದು ಚಿತ್ರ ಬರೆದು ತೋರಿಸಬಲ್ಲೆ. ನನ್ನ ಮೈಯ ಆ ಪಾಠ ಬಂದಾಗ ಟೀಚರ್ ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚಿದರು. ಮನೆಯಲ್ಲಿ ಅಮ್ಮ ಆ ಪುಸ್ತಕವನ್ನೇ ಮಗುಚಿಟ್ಟಳು.

ನಿಮ್ಮ ಮಾತನ್ನು ನಂಬಿ ಮೂರು ದಿನ ತೊಳೆದುಕೊಂಡೆ. ಉರಿ ಹತ್ತು ಪಟ್ಟಾಯಿತು. ಉಚ್ಚೆ ಹೊಯ್ದರೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಬಾಗಿಲು ಹಾಕಿಕೊಂಡು ಟವೆಲ್ಲು ಕಚ್ಚಿ ಅತ್ತುಬಿಟ್ಟೆ. ಅಲ್ಲಿದ್ದಾಗಲೇ ನನ್ನ ಪಾಡನ್ನು ನೀವು ನೋಡಿದ್ದಿರಿ, ಹತ್ತಿರ ಕೂರಿಸಿಕೊಂಡು ‘ಏನಾಗ್ತಿದೆ ನವ್ಯಾ’ ಎಂದು ಒಂದು ಮಾತು ಕೇಳಬಹುದಿತ್ತು. ಗಂಟು ಕಟ್ಟಿ ಕಳಿಸಿದಿರಿ. ಆ ಪಟಿಕಕ್ಕಿಂತ ನನಗೆ ಹೆಚ್ಚು ಉರಿದದ್ದು ‘ಯಾರಿಗೂ ಹೇಳಬೇಡ’ ಅನ್ನುವ ಮಾತು. ನಾನೇನು ತಪ್ಪು ಮಾಡಿದ್ದೆ?

ಸಿಟ್ಟಿದ್ದರೂ ನಿಮ್ಮವಳೇ ಆದ
ನವ್ಯಶ್ರೀ

(ನಿಮ್ಮ ಮಗನಿಗೆ ನಾನು ಚೆನ್ನಾಗಿದ್ದೇನೆ ಎಂದೇ ಹೇಳಿ.)


ಕುಂದಾಣ
2 ಜುಲೈ 2025

ನವ್ಯಾ,

ಕಾಗದ ಬಂತು. ಪೋಸ್ಟಿನ ಪಿಳ್ಳಣ್ಣ ತಂದಾಗ ನಿಮ್ಮ ಮಾವ ಹೊಲದಲ್ಲಿದ್ದರು, ಸದ್ಯ. ಓದಿ ನೀರೊಲೆಗೆ ಹಾಕಿದೆ. ನನ್ನದನ್ನೂ ನೀನು ಹಾಗೇ ಮಾಡು.

ಇಷ್ಟು ಓದಿದ ಹುಡುಗಿ ಅತ್ತೆಗೆ ಇಂಥದ್ದೆಲ್ಲ ಬರೆಯುತ್ತಾಳಾ? ನಮ್ಮ ಕಾಲದಲ್ಲಿ ಹೆತ್ತ ತಾಯಿಯ ಹತ್ತಿರವೂ ಆಡುತ್ತಿರಲಿಲ್ಲ. ಇದು ಉಷ್ಣ, ಬೇರೇನೂ ಅಲ್ಲ. ಹೆಣ್ಣಿನ ಮೈ, ಮದುವೆಯಾದ ಹೊಸದು. ಎಳನೀರು ಕುಡಿ, ಕಾಮಕಸ್ತೂರಿ ಬೀಜ ನೆನೆಸಿ ಕುಡಿ. ಪಟಿಕ ಉರಿದಿದ್ದರೆ ನೀನು ಜಾಸ್ತಿ ಹಾಕಿರುತ್ತೀಯ. ನಾನು ಹನ್ನೊಂದು ವರ್ಷದಿಂದ ಅದರಲ್ಲೇ ತೊಳೆಯುತ್ತಿದ್ದೇನೆ. ನನಗೇನಾಯಿತು?

ನಿಮ್ಮ ಅಮ್ಮನಿಗೆ ಮಾತ್ರ ಹೇಳಬೇಡ. ಮದುವೆಯಾಗಿ ಎರಡು ತಿಂಗಳಿಲ್ಲ, ಹುಡುಗಿಗೆ ಏನೋ ಅಂಟಿಸಿ ಕಳಿಸಿದರು ಅಂದುಬಿಡುತ್ತಾರೆ.

ಮನೋಹರ ಏರ್‌ಪೋರ್ಟಿನ ಡ್ಯೂಟಿ ಮುಗಿಸಿ ಬಂದು ಮುಖ ಊದಿಸಿಕೊಂಡು ಕೂರುತ್ತಾನೆ. ಊರಿನಲ್ಲಿ ಇವನೊಬ್ಬನಿಗೇ ಆಷಾಢ ಬಂದ ಹಾಗೆ.

ವರಲಕ್ಷ್ಮಮ್ಮ


ದೊಡ್ಡಬೆಳವಂಗಲ
8 ಜುಲೈ 2025

ಅತ್ತೆ,

ನೀವು ಹೇಳಿದ ಎರಡು ಮಾತನ್ನೂ ಮೀರಿದ್ದೇನೆ. ನಿಮ್ಮ ಕಾಗದವನ್ನು ಸುಡಲಿಲ್ಲ. ಅಮ್ಮನಿಗೆ ಹೇಳಿದೆ.

ಅಮ್ಮ ಕೇಳಿದ ಮೊದಲ ಪ್ರಶ್ನೆ ನಿಮಗೂ ಗೊತ್ತಾಗಲಿ. ದನಿ ತಗ್ಗಿಸಿ, ‘ಅಳಿಯಂದ್ರು ಹೆಂಗೆ? ಬೇರೆ ಕಡೆ ಏನಾದ್ರೂ ಸವಾಸ ಐತಾ?’ ಎಂದಳು. ನನ್ನ ಮನೋಹರ್ ಮೇಲೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ನಿದ್ದೆಯಲ್ಲಿ ಭುಜಕ್ಕೆ ಒರಗಿದರೆ ಎದ್ದು ನಿಂತು ಪ್ರಯಾಣ ಮಾಡುವ ಮನುಷ್ಯನ ಮೇಲೆ. ನಾನು ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟೆ. ನಿಮಗೆ ನಿಮ್ಮ ಮನೆಯ ಮರ್ಯಾದೆಯ ಭಯ, ಅವಳಿಗೆ ಅಳಿಯನ ಗುಮಾನಿ, ಚಿಕ್ಕಮ್ಮನಿಗೆ ‘ಹೆಣ್ಣು ಜನ್ಮ ಅಂದ್ಮೇಲೆ ಇದ್ದದ್ದೇ’ ಅನ್ನುವ ವೇದಾಂತ. ನನಗೆ ತುರಿಕೆ ನಿಲ್ಲಬೇಕಿತ್ತು, ಅಷ್ಟೇ.

ಮೆಡಿಕಲ್ ಶಾಪಿಗೆ ನಾನೇ ಹೋದೆ. ಅಂಗಡಿಯ ಉಮಾಶಂಕರ್ ಅನ್ನುವವರು ನಾಲ್ಕು ಜನ ಗಿರಾಕಿಗಳ ಮುಂದೆ, ‘ಯಾರ್ಗಮ್ಮಾ, ನಿಂಗಾ? ಮದ್ವೆ ಆಗಿದ್ಯಾ? ಯಜಮಾನ್ರನ್ನ ಕಳ್ಸಿ’ ಎಂದರು. ತುರಿಕೆ ನನಗೆ, ಕಳಿಸಬೇಕಾದ್ದು ಯಜಮಾನರನ್ನ. ನಾನು ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಎಲ್ಲ ತುರಿಕೆಗೂ ಇದೇ ಎಂದು ಒಂದು ಟ್ಯೂಬು ಕೊಟ್ಟರು. ಅದನ್ನು ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಕಪ್ಪು ಕವರಿಗೆ ಹಾಕಿ, ಕದ್ದ ಮಾಲಿನ ಹಾಗೆ ಕೌಂಟರಿನ ಕೆಳಗಿನಿಂದ ದಾಟಿಸಿದರು. ಪಕ್ಕದವರ ಮೂಲವ್ಯಾಧಿಯ ಮುಲಾಮು ಕವರಿಲ್ಲದೆ ಕೈಯಿಂದ ಕೈಗೇ ಹೋಯಿತು.

ಆ ಟ್ಯೂಬನ್ನು ಹಚ್ಚಲಿಲ್ಲ. ದೊಡ್ಡಬಳ್ಳಾಪುರದ ನರ್ಸಿಂಗ್ ಹೋಮಿನಲ್ಲಿ ಸಂಘಮಿತ್ರ ಅನ್ನುವ ಡಾಕ್ಟರ್ ಇದ್ದಾರೆ, ಅವರ ಮುಂದೆ ಇಟ್ಟೆ. ಅವರು ಓದಿ ನೋಡಿ, ಇದರಲ್ಲಿ ಸ್ಟೀರಾಯ್ಡ್ ಇದೆ, ಎರಡು ದಿನ ಹಾಯೆನಿಸಿ ಆಮೇಲೆ ಇನ್ನಷ್ಟು ಕೆರಳಿಸುತ್ತದೆ ಎಂದು ಕಸದ ಬುಟ್ಟಿಗೆ ಹಾಕಿದರು. ಪರೀಕ್ಷೆ ಮಾಡಿದರು. ಹತ್ತು ನಿಮಿಷದಲ್ಲಿ ನನ್ನ ಕಾಯಿಲೆಗೆ ಒಂದು ಹೆಸರು ಸಿಕ್ಕಿತು. ಫಂಗಸ್. ಉಪ್ಪಿನಕಾಯಿಗೆ ಹಿಡಿಯುವ ಬೂಷ್ಟಿನ ಜಾತಿ. ಎಲ್ಲ ಹೆಂಗಸರ ಮೈಯಲ್ಲೂ ಚೂರುಪಾರು ಇರುತ್ತದಂತೆ, ಒಳ್ಳೆಯ ಕ್ರಿಮಿಗಳು ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವಂತೆ. ಮದುವೆಯಾದ ಮೇಲೆ ಗಂಟಲು ನೋವಿಗೆ ಐದು ದಿನ ಆ್ಯಂಟಿಬಯಾಟಿಕ್ ನುಂಗಿದೆನಲ್ಲ, ಕಾವಲಿನವರು ಸತ್ತರು, ಇದು ಎದ್ದಿತು. ಗಂಡನಿಂದ ಅಂಟಿದ್ದಲ್ಲ. ಕೊಳಕಿನಿಂದಲೂ ಅಲ್ಲ, ಉಷ್ಣದಿಂದಲೂ ಅಲ್ಲ.

ಬಸುರಿಯಾ ಎಂದು ಮೊದಲೇ ಕೇಳಿದರು, ಬಸುರಿಯರಿಗೆ ನುಂಗುವ ಮಾತ್ರೆ ಕೊಡುವುದಿಲ್ಲವಂತೆ. ನನಗೆ ಮಲಗುವಾಗ ಒಳಗೆ ಇಟ್ಟುಕೊಳ್ಳುವ ಮಾತ್ರೆ, ಆರು ರಾತ್ರಿಗೆ ಆರು. ಹೊರಗೆ ಹಚ್ಚಲು ಕ್ರೀಮು. ಮೂರನೇ ದಿನಕ್ಕೆ ಹಾಯೆನಿಸಿದರೂ ಆರನ್ನೂ ಮುಗಿಸಬೇಕು. ಅಲ್ಲಿಯವರೆಗೆ ತುರಿಕೆ ತಡೆಯದಿದ್ದರೆ ತಣ್ಣೀರಲ್ಲಿ ಅದ್ದಿದ ಹತ್ತಿ ಬಟ್ಟೆ ಒತ್ತಿಕೊಳ್ಳುವುದು. ಸೋಪು, ಡೆಟಾಲು, ಪಟಿಕ, ಬೇವು, ಮೊಸರು, ಯಾವುದೂ ಕೂಡದು. ಒಳಗಂತೂ ತೊಳೆಯಲೇಬಾರದು. ಸಡಿಲವಾದ ಹತ್ತಿಯ ಚಡ್ಡಿ, ಒದ್ದೆಯಾದರೆ ಕೂಡಲೇ ಬದಲಿಸುವುದು. ಜ್ವರ, ಹೊಟ್ಟೆನೋವು, ಕೆಟ್ಟ ವಾಸನೆ ಇದ್ದರೆ ಅದು ಬೇರೆ ಕಾಯಿಲೆ, ತಕ್ಷಣ ಬರಬೇಕು. ಆಮೇಲೆ ನಕ್ಕು, ‘ಆಷಾಢಕ್ಕೆ ತವರಿಗೆ ಬಂದಿದ್ದೀಯಾ? ಒಳ್ಳೇದಾಯ್ತು ಬಿಡು. ಮುಗಿಯೋವರ್ಗೂ ಗಂಡ ಹೆಂಡ್ತಿ ದೂರ ಇರಿ ಅಂತ ಹೇಳೋ ಕಷ್ಟ ನಂಗೆ ತಪ್ತು’ ಎಂದರು.

ಇವತ್ತು ನಾಲ್ಕನೇ ದಿನ. ಅತ್ತೆ, ನಾನು ನಿನ್ನೆ ಒಂದೇ ಸಮನೆ ಎರಡು ಗಂಟೆ ಕೂತು ಕಡಲೆಕಾಯಿ ಸುಲಿದೆ. ಕೂತಿದ್ದೆ ಅನ್ನುವುದೇ ಮರೆತುಹೋಗಿತ್ತು. ಅಷ್ಟು ಸುಖ.

ಈಗ ನಿಮ್ಮ ವಿಷಯ. ನಿಮ್ಮ ಹೆಸರು ಹೇಳದೆ ಡಾಕ್ಟರನ್ನು ಕೇಳಿದೆ: ಇದೇ ತುರಿಕೆ ಹನ್ನೊಂದು ವರ್ಷ ಇದ್ದರೆ? ಅವರು ಪೆನ್ನು ಕೆಳಗಿಟ್ಟರು. ಆ ಹೆಂಗಸಿಗೆ ಬಾಯಾರಿಕೆ ಜಾಸ್ತಿಯಾ, ರಾತ್ರಿ ಎಷ್ಟು ಸಲ ಏಳುತ್ತಾರೆ, ಸಕ್ಕರೆ ಪರೀಕ್ಷೆ ಮಾಡಿಸಿದ್ದಾರಾ ಎಂದು ಕೇಳಿದರು. ನನಗೆ ನೀವು ಹೋದಲ್ಲೆಲ್ಲ ಹೊತ್ತೊಯ್ಯುವ ಚೊಂಬು ನೆನಪಾಯಿತು. ಬಚ್ಚಲ ತೂಬಿನ ಬಾಯಲ್ಲಿ ಇರುವೆ ಸಾಲು, ವಾರಕ್ಕೊಮ್ಮೆ ನೀವು ಸುರಿಯುವ ಸೀಮೆಎಣ್ಣೆ ನೆನಪಾಯಿತು.

ನನಗೇನಾಯಿತು ಎಂದು ಕೇಳಿದ್ದೀರಿ. ನಾನೂ ಅದನ್ನೇ ಕೇಳುತ್ತಿದ್ದೇನೆ. ನಿಮಗೇನಾಗಿದೆ?

ನವ್ಯಶ್ರೀ


ಕುಂದಾಣ
11 ಜುಲೈ 2025

ನವ್ಯಾ,

ಬೇರೆಯವರ ಮನೆಯ ಬಚ್ಚಲ ಇರುವೆ ಎಣಿಸುವುದನ್ನು ಯಾರು ಕಲಿಸಿದರು ನಿನಗೆ? ನಿನಗೆ ವಾಸಿಯಾಗುತ್ತಿದೆಯಲ್ಲ, ಸಂತೋಷ. ಪಟಿಕ ಕಟ್ಟಿಕೊಟ್ಟದ್ದು ನನ್ನ ತಪ್ಪು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ನನ್ನ ವಿಷಯ ಬಿಡು.

ಇಷ್ಟು ಬರೆದು ಕಾಗದ ಮಡಿಸಿಟ್ಟಿದ್ದೆ. ಮಧ್ಯಾಹ್ನ ಮತ್ತೆ ತೆಗೆದೆ.

ರಾತ್ರಿ ನಾಲ್ಕು ಸಲ ಏಳುತ್ತೇನೆ. ಕೆಲವು ದಿನ ಐದು. ಮೊದಲ ವರ್ಷ ನಾಟಿ ಔಷಧಿಯವಳು ಪಟಿಕ ಹೇಳಿದಳು. ಹೋಗುತ್ತದೆ, ಮತ್ತೆ ಬರುತ್ತದೆ. ಮೈ ಶುದ್ಧವಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ನಿಮ್ಮ ಮಾವ ಏನಂದುಕೊಳ್ಳುತ್ತಾರೋ ಎಂದು ಸೊಂಟ ನೋವಿನ ನೆಪ ಹೇಳಿ ಅಡುಗೆಮನೆಯಲ್ಲಿ ಚಾಪೆ ಹಾಸಿದೆ. ಅವರು ಯಾಕೆ ಎಂದು ಒಂದು ಸಲ ಕೇಳಿದರು. ಎರಡನೇ ಸಲ ಕೇಳಲಿಲ್ಲ. ವರಮಹಾಲಕ್ಷ್ಮಿಗೆ ಕಳಶ ಕೂರಿಸುವುದನ್ನೂ ಬಿಟ್ಟೆ. ಮಂಡಿ ಬಗ್ಗುವುದಿಲ್ಲ ಅಂದೆ. ನನ್ನ ಹೆಸರಿನ ಹಬ್ಬ ಅದು. ಓರಗಿತ್ತಿ ಬಂದು ಕೂರಿಸುತ್ತಾಳೆ, ನಾನು ದೇವರ ಮನೆಯ ಬಾಗಿಲ ಹೊರಗೆ ನಿಂತು ಆರತಿ ನೋಡುತ್ತೇನೆ.

ನಿನ್ನನ್ನು ನಾನು ಯಾಕೆ ಕೇಳಲಿಲ್ಲ ಎಂದು ನೀನು ಬರೆದಿದ್ದೆ. ಕೇಳಿದರೆ ನೀನು ತಿರುಗಿ ನನ್ನನ್ನು ಕೇಳುತ್ತಿದ್ದೆ.

ಇದನ್ನು ಮಾತ್ರ ಸುಡು.

ವರಲಕ್ಷ್ಮಮ್ಮ


ದೊಡ್ಡಬೆಳವಂಗಲ
14 ಜುಲೈ 2025

ಅತ್ತೆ,

ಸುಟ್ಟೆ. ನೀವು ಕೇಳಿದ್ದಕ್ಕೆ. ಆದರೆ ಒಂದೊಂದು ಅಕ್ಷರವೂ ಬಾಯಿಪಾಠವಾಗಿದೆ.

ಇಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಯಾರ ಮೇಲೆ ಎಂದೂ ಗೊತ್ತಾಗುತ್ತಿಲ್ಲ. ಪಟಿಕ ಹೇಳಿದವಳ ಮೇಲಾ, ಎರಡನೇ ಸಲ ಕೇಳದ ಮಾವನ ಮೇಲಾ, ಎದುರಿಗೇ ಇದ್ದೂ ಕಾಣದ ನಿಮ್ಮ ಮಗನ ಮೇಲಾ? ಹಸುವಿನ ಕೆಚ್ಚಲಿಗೆ ಬಾವು ಬಂದರೆ ಆ ಮನೆಯಲ್ಲಿ ಡಾಕ್ಟರು ಸಂಜೆಯೊಳಗೆ ಬರುತ್ತಾರೆ. ನಾನೇ ನೋಡಿದ್ದೇನೆ. ಮಾವ ಅರ್ಧ ದಾರಿಗೆ ಹೋಗಿ ಡಾಕ್ಟರರ ಬೈಕಿಗೆ ದಾರಿ ತೋರಿಸಿಕೊಂಡು ಬಂದರು. ನೀವು ಹನ್ನೊಂದು ವರ್ಷ ದೇವರ ಮನೆಯ ಹೊರಗೆ ನಿಂತಿರಿ, ಅದೂ ಮಾಡದ ತಪ್ಪಿಗೆ. ಬಾಯಿಹುಣ್ಣು ಆದವರು ಹೊರಗೆ ನಿಲ್ಲುತ್ತಾರಾ? ಕಿವಿ ಸೋರಿದವರು ನಿಲ್ಲುತ್ತಾರಾ?

ಮಂಗಳವಾರ 22ನೇ ತಾರೀಖು, ಬೆಳಗ್ಗೆ ಹತ್ತು ಗಂಟೆಗೆ ಡಾಕ್ಟರ್ ಸಂಘಮಿತ್ರರ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ. ನಿಮ್ಮ ಬಸ್ಸಿಳಿದರೆ ಎದುರಿಗೇ ಕಾಣುವ ಹಸಿರು ಕಟ್ಟಡ. ನಾನು ಅಲ್ಲಿರುತ್ತೇನೆ. ಬರುವುದಿಲ್ಲ ಎಂದರೆ ಜಗುಲಿಯ ಮೇಲಿನ ಫೋನಿಗೆ ಕರೆ ಮಾಡುತ್ತೇನೆ, ಸ್ಪೀಕರಿನಲ್ಲೇ ಮಾತಾಡುತ್ತೇನೆ. ನನ್ನನ್ನು ನೀವು ಇನ್ನೂ ಸರಿಯಾಗಿ ನೋಡಿಲ್ಲ.

ಬೆದರಿಕೆ ಹಾಕುತ್ತಿರುವ ನಿಮ್ಮ ಸೊಸೆ,
ನವ್ಯಶ್ರೀ


ಕುಂದಾಣ
17 ಜುಲೈ 2025

ನವ್ಯಾ,

ಆಷಾಢ ಮುಗಿಯುವ ತನಕ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ನಿನಗೆ ನಗು ಬರಬಹುದು. ನಾನು ಬದುಕಿನಲ್ಲಿ ಒಂದನ್ನಾದರೂ ಸರಿಯಾಗಿ ನಡೆಸಿಕೊಂಡು ಬರಬೇಕು.

ಆ ಹಸಿರು ಕಟ್ಟಡ ನನಗೆ ಗೊತ್ತು. ನಮ್ಮ ಓರಗಿತ್ತಿಯ ಹೆರಿಗೆಗೆ ಬಂದಿದ್ದೆ. ಅದಕ್ಕೆ ಎರಡು ಬಾಗಿಲಿವೆ. ನೀನು ರಸ್ತೆಯ ಕಡೆಯಿಂದ ಒಳಗೆ ಹೋಗು, ನಾನು ಹಿಂದೆ ಹುಣಸೆಮರದ ಕಡೆಯಿಂದ ಬರುತ್ತೇನೆ. ಒಳಗೆ ಎದುರು ಬದುರು ಕೂರುವುದು ಬೇಡ.

ನನ್ನ ಕಣ್ಣು ಮಂಜು, ತೋರಿಸಿಕೊಂಡು ಬರುತ್ತೇನೆ ಎಂದು ನಿಮ್ಮ ಮಾವನಿಗೆ ಹೇಳಿದ್ದೇನೆ. ಬಸ್ಸಿಗೆ ಬಿಡಲಾ ಅಂದರು. ಬೇಡ ಅಂದೆ.

ವರಲಕ್ಷ್ಮಮ್ಮ


ದೊಡ್ಡಬೆಳವಂಗಲ
23 ಜುಲೈ 2025

ಅತ್ತೆ,

ನಿನ್ನೆ ಬಸ್ಸು ಹತ್ತುವಾಗ ನೀವು ‘ಇವತ್ತು ನಾವಿಬ್ರೂ ಮುಖ ನೋಡ್ಕೊಂಡಿಲ್ಲ, ತಿಳೀತಾ’ ಎಂದಿರಿ. ತಿಳಿಯಲಿಲ್ಲ. ಅದಕ್ಕೇ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಇದನ್ನೂ ಇಲ್ಲದ್ದು ಮಾಡಿಬಿಡುತ್ತೀರಿ ಎಂಬ ಭಯ ನನಗೆ.

ಹತ್ತು ಗಂಟೆಗೆ ನಾನು ಒಳಗೆ ಕೂತಿದ್ದೆ. ಹತ್ತೂವರೆಯಾಯಿತು. ನರ್ಸು ‘ವರಲಕ್ಷ್ಮಮ್ಮ’ ಎಂದು ಎರಡು ಸಲ ಕೂಗಿದರು. ನೀವು ಬರಲಿಲ್ಲ ಎಂದುಕೊಂಡೆ, ಸ್ಪೀಕರಿನಲ್ಲಿ ಮಾವನಿಗೆ ಏನು ಹೇಳಬೇಕು ಎಂದು ಮಾತು ಜೋಡಿಸುತ್ತ ಕೂತೆ. ಆಮೇಲೆ ಹಿಂದಿನ ಬಾಗಿಲು ಎಲ್ಲಿ ಎಂದು ನರ್ಸನ್ನು ಕೇಳಿದೆ. ಅದು ಮುಚ್ಚಿ ಮೂರು ವರ್ಷವಾಯಿತಂತೆ. ಒಳಗಡೆಯಿಂದ ಮುರಿದ ಮಂಚಗಳನ್ನು ಪೇರಿಸಿದ್ದರು.

ಕಟ್ಟಡ ಸುತ್ತಿ ಓಡಿ ಬಂದೆ. ಹುಣಸೆಮರದ ಕೆಳಗೆ, ಬೀಗ ಹಾಕಿದ ಬಾಗಿಲಿಗೆ ಮುಖ ಮಾಡಿ ನಿಂತಿದ್ದಿರಿ. ಕೈಯಲ್ಲಿ ಚೊಂಬಿನ ಬದಲು ನೀರಿನ ಬಾಟಲಿ. ಮುಕ್ಕಾಲು ಗಂಟೆಯಿಂದ. ಒಂದು ಸಲ ಬಾಗಿಲು ತಟ್ಟಿದಿರಾ ಎಂದು ಕೇಳಿದೆ. ಇಲ್ಲ ಎಂದಿರಿ.

‘ಬೀಗ ಹಾಕವ್ರೆ. ದೇವ್ರಿಗೇ ಇಷ್ಟ ಇಲ್ಲ ಅನ್ಸುತ್ತೆ. ನಾ ಹೊರಡ್ತೀನಿ’ ಎಂದಿರಿ.

ಮುಂದಿನ ಬಾಗಿಲಲ್ಲಿ ಬನ್ನಿ ಎಂದೆ. ಒಂದೇ ಹೊಸಿಲು, ನಿನಗೇ ಕೆಟ್ಟದ್ದು, ನನ್ನ ಮಗನಿಗೆ ಕೆಟ್ಟದ್ದು, ಏನಾದರೂ ಆದರೆ ಎಂದಿರಿ. ಆಗ ನಾನು ಕೂಗಿಬಿಟ್ಟೆ. ಬಾಳೆಹಣ್ಣಿನ ಗಾಡಿಯವನು ತಿರುಗಿ ನೋಡಿದ.

‘ಆಗೋದೆಲ್ಲ ಹನ್ನೊಂದು ವರ್ಷದಿಂದ ಆಗ್ತಾನೇ ಐತಲ್ಲ ಅತ್ತೆ. ಇನ್ನೇನು ಬಾಕಿ?’

ಕೂಗಿದ್ದಕ್ಕೆ ಕ್ಷಮಿಸಿ. ಆಡಿದ ಮಾತಿಗೆ ಕ್ಷಮೆ ಕೇಳುವುದಿಲ್ಲ.

ನೀವು ಬಾಟಲಿಯ ನೀರು ಕುಡಿದು ಮುಚ್ಚಳ ತಿರುಗಿಸಿದಿರಿ. ಆಮೇಲೆ ನನಗಿಂತ ಮುಂದೆ ನಡೆದಿರಿ. ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹಿಂದಕ್ಕೆ ಕೈ ಚಾಚಿದಿರಿ, ತಿರುಗಿ ನೋಡದೆ. ನಾನು ಹಿಡಿದುಕೊಂಡೆ. ನಾವಿಬ್ಬರೂ ಒಟ್ಟಿಗೆ ದಾಟಿದೆವು. ಇದು ನಡೆದಿದೆ.

ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ಮುನ್ನೂರ ಹನ್ನೆರಡು. ಫಂಗಸ್ಸಿಗೆ ಔಷಧಿ ಕೊಟ್ಟರೆ ಸಾಲದು, ಸಕ್ಕರೆ ಇಳಿಯದಿದ್ದರೆ ಅದು ತಿರುತಿರುಗಿ ಬರುತ್ತದೆ ಎಂದು ಡಾಕ್ಟರ್ ಹೇಳಿದ್ದನ್ನು ನೀವೂ ಕೇಳಿಸಿಕೊಂಡಿರಿ. ನೀವು ಕೇಳಿದ್ದು ಒಂದೇ ಪ್ರಶ್ನೆ. ‘ಹಂಗಾದ್ರೆ ಇದು ಮೈಲಿಗೆ ಅಲ್ವಾ ಡಾಕ್ಟ್ರೇ?’ ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ಕಾಯಿಲೆ ಕಣಮ್ಮ’ ಎಂದರು. ನೀವು ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಲೇ ಇದ್ದಿರಿ.

ನಾಳೆ ಭೀಮನ ಅಮಾವಾಸ್ಯೆ, ಆಷಾಢ ಮುಗಿಯಿತು. ನಾಡಿದ್ದು ನಿಮ್ಮ ಮಗ ಬಂದು ಕರೆದುಕೊಂಡು ಹೋಗುತ್ತಾರೆ. ಶರ್ಟು ಒಗೆದು ಇಸ್ತ್ರಿ ಮಾಡಿಟ್ಟಿದ್ದೇನೆ. ನನಗೆ ಕುಣಿಯುವಷ್ಟು ಖುಷಿ. ಆದರೂ ಸಿಟ್ಟು ಹೋಗಿಲ್ಲ ಅತ್ತೆ. ಹೋಗುವುದೂ ಬೇಡ ಅನ್ನಿಸುತ್ತಿದೆ.

ನಿಮ್ಮ ಕೈ ಹಿಡಿದ
ನವ್ಯಶ್ರೀ


ಕುಂದಾಣ, ನಮ್ಮ ಮನೆ
9 ಆಗಸ್ಟ್ 2025

ನವ್ಯಾ,

ನೀನು ಪಕ್ಕದ ಕೋಣೆಯಲ್ಲಿ ಮಲಗಿದ್ದೀಯ. ಆದರೂ ಬರೆಯುತ್ತಿದ್ದೇನೆ. ಕಾಗದದಲ್ಲಿ ಆಡಿದಷ್ಟು ನನಗೆ ಬಾಯಲ್ಲಿ ಆಡಲು ಬರುವುದಿಲ್ಲ. ನಿನ್ನ ಬೀರುವಿನಲ್ಲಿ ಸೀರೆಗಳ ಮಧ್ಯೆ ಇಡುತ್ತೇನೆ. ಅಲ್ಲಿ ನಾನು ಇಡುವುದನ್ನು ನೀನು ಹುಡುಕುತ್ತೀಯ ಎಂದು ಗೊತ್ತು.

ನವೆ ಹೋಗಿ ಹತ್ತು ದಿನವಾಯಿತು. ಮಾತ್ರೆ ಬಿಡದೆ ನುಂಗುತ್ತಿದ್ದೇನೆ, ರಾಗಿಮುದ್ದೆ ಸಣ್ಣದಾಗಿದೆ. ರಾತ್ರಿ ಒಂದೇ ಸಲ ಏಳುತ್ತೇನೆ. ತೂಬಿನ ಬಾಯಲ್ಲಿ ಇರುವೆ ಕಡಿಮೆಯಾಗಿವೆ, ನೀನು ಎಣಿಸಿರುತ್ತೀಯ.

ನಿನ್ನೆ ಹಬ್ಬದಲ್ಲಿ ಕಳಶಕ್ಕೆ ಸೀರೆ ಉಡಿಸಲು ಕೂತೆ. ನೆರಿಗೆ ಹಿಡಿಯುವುದೇ ಮರೆತಿದ್ದೆ. ನೀನು ಇನ್ನೊಂದು ತುದಿ ಹಿಡಿದುಕೊಂಡೆ. ‘ಮಂಡಿ ಬಗ್ಗುತ್ತಾ ವರಲಕ್ಷ್ಮಮ್ಮ?’ ಎಂದು ಓರಗಿತ್ತಿ ಕೇಳಿದಾಗ ನೀನು ನಗು ತಡೆದುಕೊಂಡದ್ದೂ ಕಂಡಿತು.

ಇವತ್ತು ಬೆಳಗ್ಗೆ ಬಚ್ಚಲು ತೊಳೆಯುವಾಗ ಗೋಡೆಯ ಮಾಡದಲ್ಲಿ ಪಟಿಕದ ಹೊಸ ಉಂಡೆ ಹಾಗೇ ಇತ್ತು. ಬಿಸಾಡುವುದು ಯಾಕೆ ಎಂದು ನಿಮ್ಮ ಮಾವನಿಗೆ ಕೊಟ್ಟೆ, ಗಡ್ಡ ಬೋಳಿಸಿದ ಮೇಲೆ ಉಜ್ಜಿಕೊಳ್ಳಲಿ ಎಂದು. ಉಜ್ಜಿಕೊಂಡರು. ಎಲ್ಲೋ ಬ್ಲೇಡು ತಗುಲಿತ್ತು ಅನ್ನಿಸುತ್ತದೆ. ಕೆನ್ನೆ ಹಿಡಿದುಕೊಂಡು, ‘ಅಯ್ಯಪ್ಪಾ, ಏನ್ ಉರಿ ಉರೀತದೆ ಕಣೇ ಇದು’ ಎಂದರು.

‘ಗೊತ್ತು’ ಅಂದೆ.

‘ನಿಂಗೆ ಹೆಂಗ್ ಗೊತ್ತು?’ ಎಂದರು.

ಕೈಯಲ್ಲಿದ್ದ ಚೊಂಬು ಕೆಳಗಿಟ್ಟೆ. ‘ಕೂತ್ಕೊಳ್ಳಿ, ಹೇಳ್ತೀನಿ’ ಅಂದೆ.

ನಿನ್ನ ಅತ್ತೆ,
ವರಲಕ್ಷ್ಮಮ್ಮ